ಮೊಹರಿನ ನಾಲ್ಕನೆಯ ಸಾಲು

ಹೊಟ್ಟೆಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಬರುವ ಕೆಲವರಲ್ಲಿ ಹೊರಗೆ ಗಾಯವೇ ಕಾಣುವುದಿಲ್ಲ. ಚರ್ಮ ಹಿಗ್ಗಿ ಪೆಟ್ಟನ್ನು ತಾಳಿಕೊಂಡಿರುತ್ತದೆ. ಅದರ ಕೆಳಗಿನ ಸ್ನಾಯು ಮಾತ್ರ ಹರಿದಿರುತ್ತದೆ. ಕೋಟಿನ ಮೇಲುಬಟ್ಟೆ ನೆಟ್ಟಗಿದ್ದು ಒಳಗಿನ ಅಸ್ತರು ಕಿತ್ತುಹೋದ ಹಾಗೆ. ಆ ಹರುಕಿನಿಂದ ಕರುಳು ನುಸುಳಿ ಚರ್ಮದ ಅಡಿಯಲ್ಲಿ ಬಂದು ಕೂರುತ್ತದೆ. ಭಾರ ಎತ್ತಿಯೋ ವಯಸ್ಸಾಗಿಯೋ ಬರುವ ಹರ್ನಿಯಾ ಎಲ್ಲರಿಗೂ ಗೊತ್ತಿರುವಂಥದ್ದು. ಪೆಟ್ಟಿನಿಂದ ಬರುವ ಈ ಹರ್ನಿಯಾ ಅಪರೂಪದ್ದು. ನೂರು ಜನರ ಹೊಟ್ಟೆಗೆ ಪೆಟ್ಟು ಬಿದ್ದರೆ ಒಬ್ಬರಿಗೆ ಬಂದರೆ ಹೆಚ್ಚು. ಅಪರೂಪವಾದ್ದರಿಂದಲೇ ಅದು ವೈದ್ಯರ ಕೈತಪ್ಪುತ್ತದೆ. ಈ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರು ಆ ಒಬ್ಬರನ್ನು ಹುಡುಕುವುದಕ್ಕಾಗಿ ಉಳಿದ ತೊಂಬತ್ತೊಂಬತ್ತು ಮಂದಿಯನ್ನೂ ಎದ್ದು ನಿಲ್ಲಿಸಿ ನೋಡಿದವರು.

ಮೂವತ್ತಾರು ವರ್ಷ ಅವರು ಒಂದೇ ಆಸ್ಪತ್ರೆಯ ಒಂದೇ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ದುಡಿದರು. ಅದರಲ್ಲಿ ಮೂವತ್ತನಾಲ್ಕು ವರ್ಷಗಳಲ್ಲಿ, ಹೊಟ್ಟೆಗೆ ಪೆಟ್ಟು ಬಿದ್ದು ಬಂದ 4,118 ಜನರ ಚೀಟಿಗಳ ಮೇಲೆ ಅವರ ಮೊಹರು ಬಿದ್ದಿದೆ. ಆ ಪೈಕಿ ನಲವತ್ತಮೂರು ಮಂದಿಗೆ ಪೆಟ್ಟಿನ ಹರ್ನಿಯಾ ಇತ್ತು. ಮೂವತ್ತೊಂಬತ್ತು ಜನರದ್ದು ಮನೆಗೆ ಹೋಗುವ ಮೊದಲೇ ಗೊತ್ತಾಯಿತು, ನಾಲ್ವರದ್ದು ತಡವಾಯಿತು. ಈ ಅಂಕಿಗಳು ಡಾಕ್ಟರು ಹೇಳಿದ್ದಲ್ಲ. ದಾಖಲೆ ಕೊಠಡಿಯ ಗುಮಾಸ್ತರು ಮೂರು ತಿಂಗಳು ಕೂತು ಎಣಿಸಿದ್ದು. ಮೊಹರಿಗೂ ಹಿಂದಿನ ಎರಡು ವರ್ಷ ಈ ಲೆಕ್ಕದಲ್ಲಿಲ್ಲ. ಈ ಲೇಖನ ಇರುವುದೇ ಆ ಎರಡು ವರ್ಷದ ಕಾರಣಕ್ಕೆ.

ಇದರ ಮೊದಲ ಕರಡಿನಲ್ಲಿ ಒಂದು ವಾಕ್ಯವಿತ್ತು: “ಮೂವತ್ತಾರು ವರ್ಷಗಳಲ್ಲಿ ತಪ್ಪೆಂಬುದನ್ನೇ ಅರಿಯದ ಕೈ ಅವರದು.” ಅಭಿನಂದನ ಸಂಪುಟಗಳಲ್ಲಿ ಇಂಥ ವಾಕ್ಯಗಳು ತಾವಾಗಿಯೇ ಬಂದು ಕೂರುತ್ತವೆ, ನಿಜವೇ ಎಂದು ಯಾರೂ ಕೇಳುವುದಿಲ್ಲ. ಕರಡನ್ನು ಡಾಕ್ಟರಿಗೆ ಕಳಿಸಲಾಗಿತ್ತು. ಎರಡು ದಿನಕ್ಕೆ ವಾಪಸು ಬಂತು. ಆ ವಾಕ್ಯದ ಮೇಲೆ ಒಂದೇ ಒಂದು ಗೆರೆ ಎಳೆದಿತ್ತು. ಅಡಿಯ ಅಕ್ಷರಗಳು ಓದುವಂತೆಯೇ ಇದ್ದವು. ಪಕ್ಕದಲ್ಲಿ ಸಹಿ, ತಾರೀಖು, ಮತ್ತು ಈ ಮಾತು: “ಇದು ಸುಳ್ಳು. ಅಂಚೆಯಣ್ಣನ ವಿಷಯ ಬರೆಯುವುದಿಲ್ಲವಾದರೆ ಸಂಪುಟವೇ ಬೇಡ. ನನ್ನೊಬ್ಬನನ್ನೇ ಕೇಳಿ ಬರೆಯಬೇಡಿ, ಅವರ ಮನೆಯವರನ್ನೂ ಕೇಳಿ.”

ಹಾಗೆ ಕೇಳಿ ಬರೆದದ್ದು ಮುಂದಿದೆ. ಆಧಾರ ಮೂರು: ಡಾಕ್ಟರು, ಅಂಚೆಯಣ್ಣ ಮತ್ತು ಅವರ ಹೆಂಡತಿ, ದಾಖಲೆ ಕೊಠಡಿಯಲ್ಲಿ ಇಂದಿಗೂ ಇರುವ ಆ ಕೇಸ್ ಶೀಟು. ನೆನಪುಗಳು ಹೊಂದದ ಕಡೆ ಹೊಂದುವುದಿಲ್ಲ ಎಂದೇ ಬರೆದಿದೆ.

ಡಾಕ್ಟರ ತಂದೆ ದರ್ಜಿ. ಹೊಲಿದ ಅಂಗಿಯನ್ನು ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸದೆ ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲವಂತೆ. ಮಗ ಸರ್ಜನ್ ಆಗಿ ಕೆಲಸಕ್ಕೆ ಸೇರಿದಾಗ ತಂದೆ ಹೇಳಿದ್ದು ಒಂದೇ ಮಾತು: “ನೀನೂ ಹೊಲಿಯೋನೇ ಆದೆ. ತಿರುವಿ ನೋಡೋದು ಮರೀಬೇಡ.” ಸೇರಿದ ಏಳನೆಯ ತಿಂಗಳಲ್ಲಿ ಮಗ ಅದನ್ನು ಮರೆತರು.

ಆಗ ಹೊರರೋಗಿಗಳನ್ನು ನೋಡುತ್ತಿದ್ದುದು ಮೂರನೆಯ ನಂಬರಿನ ಕೊಠಡಿಯಲ್ಲಿ. ಎರಡು ಬಾಗಿಲು, ಒಂದು ಮೇಜು, ಗೋಡೆಗೆ ಒತ್ತಿದ ಎತ್ತರದ ಮಂಚ. ಒಂದು ಬಾಗಿಲಿಂದ ಬಂದವರು ಮಂಚದ ಮೇಲೆ ಮಲಗಿ, ತೋರಿಸಿಕೊಂಡು, ಇನ್ನೊಂದು ಬಾಗಿಲಿಂದ ಹೋಗಬೇಕು. ಬೆಳಗಿಗೆ ನೂರಿಪ್ಪತ್ತು ಜನ. ಆಸ್ಪತ್ರೆಯಲ್ಲಿ ಒಂದು ಎಕ್ಸ್‌ರೇ ಯಂತ್ರವಿತ್ತು. ಹೊಟ್ಟೆಯ ಗೋಡೆಯನ್ನು ಪದರ ಪದರವಾಗಿ ತೋರಿಸುವ ಸ್ಕ್ಯಾನು ಆ ಊರಿಗೆ ಬರುವುದಕ್ಕೆ ಇನ್ನೂ ಹದಿನಾರು ವರ್ಷವಿತ್ತು.

ಒಂದು ಸೋಮವಾರ ಮಧ್ಯಾಹ್ನ ಅಂಚೆಯಣ್ಣ ಬಂದರು. ಮೂವತ್ತಾರು ವರ್ಷ ವಯಸ್ಸು, ಅಂಚೆ ಕಚೇರಿಯ ಖಾಕಿ ಬಟ್ಟೆ. ಇಳಿಜಾರಿನಲ್ಲಿ ಬರುತ್ತಿದ್ದಾಗ ನಿಂತಿದ್ದ ಕಾರಿನ ಬಾಗಿಲು ತೆರೆದುಕೊಂಡು, ಸೈಕಲ್ಲಿನ ಹ್ಯಾಂಡಲ್ ತಿರುಗಿ ಅದರ ತುದಿ ಕಿಬ್ಬೊಟ್ಟೆಯ ಎಡಕ್ಕೆ ನೆಟ್ಟಿತ್ತು. ಹಿಡಿಯ ರಬ್ಬರು ಕಳಚಿ ತಿಂಗಳಾಗಿತ್ತು. ಬರೀ ಕೊಳವೆಯ ಬಾಯಿ. ಬಿದ್ದವರು ಎದ್ದು ಮೊದಲು ಹೊಟ್ಟೆ ಮುಟ್ಟಿಕೊಳ್ಳಲಿಲ್ಲ, ಚೆಲ್ಲಿದ ಕಾಗದಗಳನ್ನು ಆರಿಸಿಕೊಂಡರು. ಆ ಬೀದಿಯ ಉಳಿದ ಹನ್ನೊಂದು ಮನೆಗೆ ಕಾಗದ ಹಾಕಿ ಮುಗಿಸಿಯೇ ಆಸ್ಪತ್ರೆಗೆ ಬಂದರು.

“ಏನಾಯ್ತು?” ಎಂದು ಡಾಕ್ಟರು ಕೇಳಿದರು.

“ಏನಿಲ್ಲ ಡಾಕ್ಟ್ರೇ, ಸೈಕಲ್ಲು ಹೊಟ್ಟೆಗೊಂದು ಗುದ್ದು ಕೊಡ್ತು. ಹದಿನಾಲ್ಕು ವರ್ಷ ತುಳಿದಿದ್ದೀನಲ್ಲ, ಸೇಡು ತೀರಿಸ್ಕೊಳ್ತು.”

ಡಾಕ್ಟರು ನಕ್ಕರು. ಆ ನಗು ತಮಗೆ ಇಂದಿಗೂ ನೆನಪಿದೆ ಎನ್ನುತ್ತಾರೆ. ಮಂಚದ ಮೇಲೆ ಮಲಗಿಸಿ ನೋಡಿದರು. ಬಾಟಲಿಯ ಮುಚ್ಚಳದಷ್ಟು ದುಂಡನೆಯ ಗುರುತು, ಸುತ್ತ ನೀಲಿ, ಒತ್ತಿದರೆ ನೋವು, ಕೈಗೆ ಸ್ವಲ್ಪ ದಪ್ಪವೆನಿಸುವ ಜಾಗ. ಚರ್ಮ ಒಡೆದಿರಲಿಲ್ಲ. ನಾಡಿ ಎಂಬತ್ತನಾಲ್ಕು. ಎಕ್ಸ್‌ರೇಯಲ್ಲಿ ದೋಷವಿರಲಿಲ್ಲ. “ಒಳಗೆ ರಕ್ತ ಕಟ್ಟಿದೆ, ಹತ್ತು ದಿನದಲ್ಲಿ ಕರಗುತ್ತದೆ” ಎಂದು ಚೀಟಿಯಲ್ಲಿ ಬರೆದು, ಮಾತ್ರೆ ಕೊಟ್ಟು ಕಳಿಸಿದರು. ಎದ್ದು ನಿಲ್ಲಿ ಎಂದು ಹೇಳಲಿಲ್ಲ. ಅಂಚೆಯಣ್ಣ ಎದ್ದು ನಿಂತದ್ದು ಎರಡನೆಯ ಬಾಗಿಲ ಕಡೆಗೆ ಮುಖ ಮಾಡಿ. ಅಷ್ಟರಲ್ಲಿ ಡಾಕ್ಟರು ಮುಂದಿನವರನ್ನು ಕರೆದಾಗಿತ್ತು.

ಅಂದು ಸಂಜೆ ಸ್ನಾನಕ್ಕೆ ನೀರು ತೋಡಿಕೊಟ್ಟ ಹೆಂಡತಿಗೆ ಅದು ಕಾಣಿಸಿತು. ಗಂಡ ನಿಂತಾಗ ಆ ನೀಲಿಯ ಮಧ್ಯೆ ಕೋಳಿಮೊಟ್ಟೆಯಷ್ಟು ಉಬ್ಬು. ಹೋಗಿ ಮಲಗಿದರೆ ಇಲ್ಲ. ಕೆಮ್ಮಿದರೆ ಮತ್ತೆ ಬಂತು. ಮರುದಿನ ಆಕೆ ಒಬ್ಬರೇ ಆಸ್ಪತ್ರೆಗೆ ಬಂದು, ಸಾಲಿನಲ್ಲಿ ನಿಂತು, ಮೂರನೆಯ ಕೊಠಡಿಯ ಹೊಸ್ತಿಲಲ್ಲಿ ಅದನ್ನು ಹೇಳಿದರು.

“ಡಾಕ್ಟ್ರೇ, ಮಲಗಿದ್ರೆ ಹೋಗುತ್ತೆ, ನಿಂತ್ರೆ ಬರುತ್ತೆ.”

“ರಕ್ತ ಕಟ್ಟಿದ್ರೆ ಹಾಗೇ ಅಮ್ಮ. ಹತ್ತು ದಿನ ತಡ್ಕೊಳ್ಳಿ.”

ಈ ಭೇಟಿಗೆ ದಾಖಲೆಯಿಲ್ಲ, ಏಕೆಂದರೆ ರೋಗಿ ಜೊತೆಗಿರಲಿಲ್ಲವೆಂದು ಚೀಟಿ ಮಾಡಿಸಿರಲಿಲ್ಲ. ಆಕೆ ಮಂಗಳವಾರ ಬಂದೆ ಎನ್ನುತ್ತಾರೆ. ಡಾಕ್ಟರಿಗೆ ಬುಧವಾರವೆಂದು ನೆನಪು. ಮಾತಿನ ಬಗ್ಗೆ ಇಬ್ಬರಿಗೂ ತಕರಾರಿಲ್ಲ. “ಕಟ್ಟಿದ ರಕ್ತ ಮಲಗಿದ್ರೆ ಮಾಯವಾಗಲ್ಲ,” ಎಂದರು ಡಾಕ್ಟರು, ಈ ಲೇಖನಕ್ಕಾಗಿ ಕೂತಾಗ. “ಮಾಯವಾಗೋದು ಕರುಳು. ಅದು ಪುಸ್ತಕದಲ್ಲಿತ್ತು. ಆಕೆ ಪುಸ್ತಕ ಓದಿರಲಿಲ್ಲ, ಕಣ್ಣಾರೆ ನೋಡಿದ್ರು. ನಾನು ಓದಿದ್ದೆ, ನೋಡಿರಲಿಲ್ಲ.”

ಗುರುವಾರ ಅಂಚೆಯಣ್ಣನನ್ನು ಇಬ್ಬರು ಸಹೋದ್ಯೋಗಿಗಳು ಹೊತ್ತು ತಂದರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ವಾಂತಿ ನಿಂತಿರಲಿಲ್ಲ. ಹಿರಿಯ ಸರ್ಜನ್ ಹೊಟ್ಟೆ ತೆರೆದರು, ಡಾಕ್ಟರು ಎದುರು ನಿಂತು ನೆರವಾದರು. ಸ್ನಾಯುವಿನಲ್ಲಿ ಮೂರು ಬೆರಳು ಹೋಗುವಷ್ಟು ತೂತು. ಅದರಲ್ಲಿ ಸಿಕ್ಕಿಬಿದ್ದ ಕರುಳಿನ ಸುರುಳಿ ರಕ್ತವಿಲ್ಲದೆ ಕಪ್ಪಾಗಿತ್ತು. ಒಂದೂವರೆ ಅಡಿ ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಜೋಡಿಸಿದರು. ಕೊಳೆತ ಕರುಳಿನ ಸೋಂಕು ಹರಡಿದ್ದ ಜಾಗಕ್ಕೆ ಹರುಕಿಗೆ ತೇಪೆಯಾಗಿ ಹೊಲಿಯುವ ಜಾಲರಿ ಹಾಕುವಂತಿರಲಿಲ್ಲ. ಹಾಕಿದರೆ ಅದೂ ಕೀವಾಗುತ್ತಿತ್ತು. ಜಜ್ಜಿದ ಸ್ನಾಯುವಿನ ಅಂಚುಗಳನ್ನೇ ಎಳೆದು ಹೊಲಿದರು. ಈ ಹೊಲಿಗೆ ಹೆಚ್ಚು ದಿನ ನಿಲ್ಲದು ಎಂದು ಇಬ್ಬರಿಗೂ ಗೊತ್ತಿತ್ತು.

ಶಸ್ತ್ರಕ್ರಿಯೆ ಮುಗಿದ ಮೇಲೆ ಕೇಸ್ ಶೀಟು ಬರೆಯುವ ಕೆಲಸ ಕಿರಿಯರದ್ದು. ಡಾಕ್ಟರು ಕೂತು ಬರೆದ ಮೊದಲ ವಾಕ್ಯ: “ರೋಗಿ ತಡವಾಗಿ ಬಂದಿದ್ದಾರೆ.”

ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಕರುಳು ಕೊಳೆತು ಬಂದ ಪ್ರತಿಯೊಂದು ಕೇಸ್ ಶೀಟಿನ ಮೊದಲ ವಾಕ್ಯ ಆ ವಿಭಾಗದಲ್ಲಿ ಅದೇ ಆಗಿತ್ತು. ಹಿಂದಿನವರು ಬರೆದದ್ದನ್ನು ನೋಡಿ ಮುಂದಿನವರು ಬರೆಯುತ್ತಿದ್ದರು. ಸೋಮವಾರದ ಹೊರರೋಗಿ ಚೀಟಿಯನ್ನು ಶೀಟಿಗೆ ಲಗತ್ತಿಸಬೇಕಿತ್ತು. ಅದನ್ನು ಮಾತ್ರ ಡಾಕ್ಟರು ತಿಳಿದೇ ಮಾಡಲಿಲ್ಲ. ಚೀಟಿ ಅವರ ಮೇಜಿನ ಖಾನೆಯಲ್ಲಿ, ಒಂದು ಪುಸ್ತಕದ ನಡುವೆ ಉಳಿಯಿತು.

ಅಂಚೆಯಣ್ಣ ಇಪ್ಪತ್ತೆರಡು ದಿನ ವಾರ್ಡಿನಲ್ಲಿದ್ದರು. ಬೀದಿ ಸುತ್ತುವ ಕೆಲಸ ಹೋಗಿ, ಕಚೇರಿಯೊಳಗೆ ಕಾಗದ ವಿಂಗಡಿಸುವ ಮೇಜಿಗೆ ಬಂದರು. ಅದಕ್ಕೆ ಬೇಕಾದ ವೈದ್ಯಕೀಯ ಪತ್ರವನ್ನು ಕೇಸ್ ಶೀಟು ನೋಡಿಕೊಂಡು ಬರೆದದ್ದರಿಂದ ಅದರಲ್ಲೂ ಆ ವಾಕ್ಯವೇ ಇತ್ತು. ಅಂಚೆಯಣ್ಣ ಪತ್ರವನ್ನು ಮನೆಯಲ್ಲಿ ತಾಯಿಗೆ ಓದಿ ಹೇಳಿದರು. ಮಗ ತಡವಾಗಿ ಆಸ್ಪತ್ರೆಗೆ ಹೋದ ಎಂದರೆ, ತಡ ಮಾಡಿದವರು ಯಾರು? ಮನೆಯಲ್ಲಿದ್ದವಳು ಸೊಸೆ.

ಮೊದಲ ಹೊಲಿಗೆ ನಿಂತದ್ದು ಹದಿನಾಲ್ಕು ತಿಂಗಳು. ಅಂಗೈಯಗಲ ಉಬ್ಬಿನೊಂದಿಗೆ ಅಂಚೆಯಣ್ಣ ಮತ್ತೆ ದಾಖಲಾದರು. ಈ ಸಲ ಅವಸರವಿರಲಿಲ್ಲ, ಸೋಂಕಿರಲಿಲ್ಲ. ಜಾಲರಿ ಹಾಕಿ ಗೋಡೆ ಕಟ್ಟಲು ಸರಿಯಾದ ಸಮಯ. ಹಿಂದಿನ ದಿನ ಡಾಕ್ಟರು ವಾರ್ಡಿಗೆ ಹೋದಾಗ ಮಂಚದ ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಹೆಂಡತಿ ಇದ್ದರು.

“ನೋಡಪ್ಪ,” ಎಂದು ತಾಯಿ ಶುರು ಮಾಡಿದರು, “ಈ ಮಹಾರಾಯ್ತಿ ಮೂರು ದಿನ ನನ್ನ ಮಗನ್ನ ಮನೇಲೇ ಮಲಗಿಸ್ಕೊಂಡಿದ್ಳು. ಆವತ್ತೇ ಕರ್ಕೊಂಡು ಬಂದಿದ್ರೆ ನೀವು ಸರಿ ಮಾಡಿರ್ತಿದ್ರಿ. ಹೌದೋ ಅಲ್ವೋ ನೀವೇ ಹೇಳಿ.”

ಸೊಸೆ ಡಾಕ್ಟರ ಮುಖ ನೋಡಿದರು. ಡಾಕ್ಟರು ಉಷ್ಣಾಂಶದ ಚಾರ್ಟು ನೋಡಿದರು. “ನಾಳೆ ಬೆಳಿಗ್ಗೆ ಏನೂ ತಿನ್ನಬೇಡಿ” ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಮರುದಿನದ ಶಸ್ತ್ರಕ್ರಿಯೆ ಅವರೇ ಮಾಡಿದ್ದು. ತೂತು ಎಷ್ಟಿದೆಯೋ ಅಷ್ಟೇ ಬಟ್ಟೆ ಇಟ್ಟರೆ ತೇಪೆ ನಿಲ್ಲುವುದಿಲ್ಲ, ಸುತ್ತ ಗಟ್ಟಿ ಬಟ್ಟೆಯ ಮೇಲೆ ಹಾಸಬೇಕು ಎಂಬುದು ಅವರಿಗೆ ಮನೆಯಲ್ಲೇ ಗೊತ್ತಿದ್ದ ಸಂಗತಿ. ಸ್ನಾಯುವಿನ ಹಿಂದೆ ಜಾಲರಿಯನ್ನು ಎಲ್ಲ ಕಡೆಗೂ ನಾಲ್ಕು ಬೆರಳು ಹೆಚ್ಚಿಗೆ ಹಾಸಿ ಹೊಲಿದರು. ಆದರೆ ಆ ಹತ್ತು ದಿನ ಅವರು ಅಂಚೆಯಣ್ಣನ ಮಂಚದ ಬಳಿ ಹೋಗುತ್ತಿದ್ದುದು ಮನೆಯವರನ್ನು ಒಳಗೆ ಬಿಡದ ಹೊತ್ತಿನಲ್ಲಿ. ವಾರ್ಡಿನ ದೊಡ್ಡ ಸಿಸ್ಟರ್ ಅದನ್ನು ಗಮನಿಸಿದರು. ಎಲ್ಲರನ್ನೂ ಗದರಿಸುತ್ತಿದ್ದ, ಕಿರಿಯ ವೈದ್ಯರನ್ನು ಮಕ್ಕಳಂತೆ ನೋಡುತ್ತಿದ್ದ ಹೆಂಗಸು. ಹೊಲಿಗೆ ಬಿಚ್ಚುವ ದಿನ ಕತ್ತರಿ ಕೈಗಿಡುತ್ತಾ ಹೇಳಿದರಂತೆ: “ಹೊಲಿಗೆ ಬಿಚ್ಚೋಕೆ ನಾನೇ ಸಾಕು. ನೀವು ಯಾಕೆ ಬಂದಿದ್ದೀರಿ ಅಂತ ನನಗೆ ಗೊತ್ತು. ಅವರ ಹೆಂಡತೀನ ಒಳಗೆ ಕರೀಲಾ?”

ಅತ್ತೆ, ಸೊಸೆ ಇಬ್ಬರೂ ಬಂದರು. ಅಂಚೆಯಣ್ಣ ಮಂಚದ ಮೇಲೆ ಕೂತಿದ್ದರು. ಡಾಕ್ಟರು ನಿಂತೇ ಹೇಳಿದರು. ನೀವು ತಡ ಮಾಡಲಿಲ್ಲ. ಮೊದಲ ದಿನವೇ ಬಂದಿದ್ದಿರಿ, ನಾನು ಮಲಗಿಸಿ ನೋಡಿದೆ, ನಿಲ್ಲಿಸಿ ನೋಡಲಿಲ್ಲ. ನಿಮ್ಮ ಹೆಂಡತಿ ಬಂದು ಹೇಳಿದಾಗಲೂ ಕೇಳಲಿಲ್ಲ.

ಮೊದಲು ಬಾಯಿ ಬಿಟ್ಟವರು ಅಂಚೆಯಣ್ಣನ ಹೆಂಡತಿ.

“ಇದು ನನಗೆ ಗೊತ್ತಿಲ್ವಾ ಡಾಕ್ಟ್ರೇ? ನಿಮ್ಮ ಹೊಸ್ತಿಲಲ್ಲಿ ನಿಂತು ಹೇಳಿದೋಳು ನಾನೇ ಅಲ್ವಾ? ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಗುತ್ತೆ. ಕಾಗದದಲ್ಲಿ ಬೇರೆ ಇದೆ. ಆ ಕಾಗದ ಇಟ್ಕೊಂಡು ಮನೇಲಿ ಒಂದು ವರ್ಷದಿಂದ ಪಾರಾಯಣ ನಡೀತಿದೆ. ಅದನ್ನ ತಿದ್ದಿ.”

“ನೀನಾದ್ರೂ ಹೇಳ್ಬೇಕಿತ್ತಲ್ಲೋ,” ಎಂದು ತಾಯಿ ಮಗನ ಕಡೆ ತಿರುಗಿದರು. “ಸೋಮವಾರವೇ ಹೋಗಿದ್ದೆ ಅಂತ.”

“ಹೇಳ್ದೆ ಅಮ್ಮ. ಕಾಗದದಲ್ಲಿ ಹಾಗಿಲ್ವಲ್ಲ ಅಂದೆ ನೀನು. ಕಾಗದ ಮುಟ್ಟಿಸೋದು ನನ್ನ ಕೆಲಸ. ಅದರಲ್ಲಿರೋದು ನಿಜವೋ ಸುಳ್ಳೋ ಅಂತ ವಾದ ಮಾಡಿ ನನಗೆ ಅಭ್ಯಾಸ ಇಲ್ಲ.”

ಡಾಕ್ಟರು ಮೂರನೆಯ ಕೊಠಡಿಗೆ ಹೋಗಿ, ಪುಸ್ತಕದ ನಡುವಿನಿಂದ ಸೋಮವಾರದ ಚೀಟಿ ತಂದರು. ದೊಡ್ಡ ಸಿಸ್ಟರ್ ಹಳೆಯ ಕೇಸ್ ಶೀಟು ತರಿಸಿದರು. ಆಸ್ಪತ್ರೆಯ ದಾಖಲೆಯನ್ನು ಅಳಿಸಿ ಬರೆಯುವಂತಿಲ್ಲ. ತಪ್ಪಾದ ಸಾಲು ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಖು ಹಾಕಬೇಕು. ಅವರು ಹಾಗೆಯೇ ಮಾಡಿದರು. ಶೀಟಿನಲ್ಲಿರುವ ಮಾತುಗಳು ಇವು: “ರೋಗಿ ಪೆಟ್ಟು ಬಿದ್ದ ದಿನವೇ ಬಂದಿದ್ದರು. ನಾನು ನಿಲ್ಲಿಸಿ ನೋಡಲಿಲ್ಲ. ಅವರ ಪತ್ನಿ ಬಂದು ಉಬ್ಬಿನ ಲಕ್ಷಣವನ್ನು ಸರಿಯಾಗಿ ತಿಳಿಸಿದ್ದರು. ನಾನು ಗಮನಿಸಲಿಲ್ಲ. ತಡ ನನ್ನದು.” ಚೀಟಿಯನ್ನು ಗುಂಡುಸೂಜಿಯಿಂದ ಲಗತ್ತಿಸಿದರು. ಸೂಜಿಯ ತುಕ್ಕಿನ ಗುರುತು ಈಗಲೂ ಇದೆ.

ಬರೆದದ್ದನ್ನು ಗಟ್ಟಿಯಾಗಿ ಓದಿದರು.

“ಇನ್ನೊಂದ್ಸಲ ಓದಪ್ಪ,” ಎಂದರು ತಾಯಿ.

ಇನ್ನೊಂದು ಸಲ ಓದಿದರು. ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದು, ಆಮೇಲೆ ಸೊಸೆಯ ಮುಖ ನೋಡದೆ ಕೇಳಿದರಂತೆ: “ಊಟ ಆಯ್ತೇನೇ ನಿಂದು?”

ಇದು ಡಾಕ್ಟರ ನೆನಪಿನಲ್ಲಿಲ್ಲ, ದಾಖಲೆಯಲ್ಲೂ ಇಲ್ಲ. ಸೊಸೆ ಹೇಳಿದ್ದು. “ಹದಿನಾಲ್ಕು ತಿಂಗಳಲ್ಲಿ ಮೊದಲ್ನೇ ಸಲ ಕೇಳಿದ್ದು,” ಎಂದರು ಆಕೆ. “ಆಗಿಲ್ಲ ಅಂದೆ. ಆಗಿತ್ತು. ಆದ್ರೂ ಆಗಿಲ್ಲ ಅಂದೆ.”

ಶೀಟಿನಂತೆ ತಿದ್ದಿ ಬರೆದ ವೈದ್ಯಕೀಯ ಪತ್ರದ ಪ್ರತಿ ಅಂಚೆ ಕಚೇರಿಗೂ ಹೋಯಿತು, ಆಸ್ಪತ್ರೆಯ ಸೂಪರಿಂಟೆಂಡೆಂಟರ ಮೇಜಿಗೂ ಬಂತು. ಅವರು ಡಾಕ್ಟರನ್ನು ಕರೆಸಿದರು.

“ಏನಯ್ಯಾ ಇದು? ಯಾರು ಕೇಳಿದ್ರು ನಿನ್ನ?”

“ಅವರ ಹೆಂಡತಿ ಕೇಳಿದ್ರು ಸಾರ್.”

“ಹೆಂಡತಿ ಕೇಳಿದ್ಲು ಅಂತ ಕಾಗದ ತಿದ್ತೀಯಾ? ನನ್ನ ಹೆಂಡತಿ ದಿನಕ್ಕೆ ನಾಲ್ಕು ಸಲ ಕೇಳ್ತಾಳೆ, ಒಂದಾದ್ರೂ ತಿದ್ಕೊಂಡಿದ್ದೀನಾ ನಾನು?” ಎಂದವರು, ಆಮೇಲೆ ದನಿ ಇಳಿಸಿ, “ಇದಕ್ಕೆ ವಿಚಾರಣೆ ಆಗುತ್ತೆ. ನನ್ನ ಕೈಲಿಲ್ಲ,” ಎಂದರು.

ವಿಚಾರಣೆ ಆಯಿತು. ಡಾಕ್ಟರ ಬಡ್ತಿ ನಾಲ್ಕು ವರ್ಷ ಹಿಂದೆ ಬಿತ್ತು. ಅವರಿಗಿಂತ ಕಿರಿಯರಾದ ಇಬ್ಬರು ಅವರ ಮೇಲಧಿಕಾರಿಗಳಾದರು. ಆ ಇಬ್ಬರಲ್ಲಿ ಒಬ್ಬರು ಈ ಸಂಪುಟದ ಸಂಪಾದಕ ಮಂಡಳಿಯಲ್ಲಿದ್ದಾರೆ. ಇದನ್ನೂ ಬರೆಯಿರಿ ಎಂದವರು ಅವರೇ.

ವಿಚಾರಣೆ ನಡೆಯುತ್ತಿದ್ದ ಆ ತಿಂಗಳುಗಳಲ್ಲೇ ಡಾಕ್ಟರು ಮೊಹರು ಮಾಡಿಸಿದ್ದು. ಮರದ ಹಿಡಿಯ ರಬ್ಬರ್ ಮೊಹರು, ನಾಲ್ಕು ಸಾಲು: ಮಲಗಿದಾಗ, ನಿಂತಾಗ, ಕೆಮ್ಮಿದಾಗ, ಮನೆಯವರು ಕಂಡದ್ದು. ಹೊಟ್ಟೆಗೆ ಪೆಟ್ಟು ಬಿದ್ದ ಪ್ರತಿಯೊಬ್ಬರ ಚೀಟಿಯ ಮೇಲೂ ಅದನ್ನು ಒತ್ತಿ, ನಾಲ್ಕು ಸಾಲಿನ ಮುಂದೆಯೂ ಏನಾದರೂ ಬರೆಯದೆ ಯಾರನ್ನೂ ಮನೆಗೆ ಕಳಿಸುವಂತಿರಲಿಲ್ಲ. ಮೊಹರು ಕೆತ್ತುವವನು ನಾಲ್ಕನೆಯ ಸಾಲು ಓದಿ, “ಮನೆಯವರಿಗೇನು ಗೊತ್ತಾಗುತ್ತೆ ಡಾಕ್ಟ್ರೇ?” ಎಂದು ಕೇಳಿದನಂತೆ. “ಅವರಿಗೇ ಗೊತ್ತಾಗೋದು,” ಎಂದು ಇವರು ಉತ್ತರಿಸಿದರಂತೆ.

ಬಂದವರನ್ನೆಲ್ಲ ಕೆಮ್ಮಿಸುತ್ತಾರೆಂದು ಊರಿನಲ್ಲಿ ಅವರಿಗೆ ಕೆಮ್ಮು ಡಾಕ್ಟರು ಎಂದು ಹೆಸರು ಬಿತ್ತು. ಕೆಲವು ವರ್ಷ ನಿಜವಾಗಿ ಕೆಮ್ಮು ಇದ್ದವರೂ ಮೂರನೆಯ ಕೊಠಡಿಯ ಮುಂದೆ ಸಾಲು ನಿಂತದ್ದುಂಟು. ಅವರನ್ನು ಎದುರಿನ ಕೊಠಡಿಗೆ ಕಳಿಸುವ ಮುನ್ನ, ಹೇಗೂ ಬಂದಿದ್ದೀರಲ್ಲ ಎಂದು ಹೊಟ್ಟೆಯ ಮೇಲೂ ಒಮ್ಮೆ ಕೈಯಿಟ್ಟು ನೋಡುತ್ತಿದ್ದರು.

ಮೊಹರೂ ತಪ್ಪಿಲ್ಲದ್ದಲ್ಲ. ಎಂಟನೆಯ ವರ್ಷದಲ್ಲಿ ತರಬೇತಿಯಲ್ಲಿದ್ದ ಒಬ್ಬ ವೈದ್ಯೆ, ಎರಡನೆಯ ಸಾಲು ಖಾಲಿ ಬಿಟ್ಟರೆ ಡಾಕ್ಟರು ಬಯ್ಯುತ್ತಾರೆಂಬ ಭಯದಿಂದ, ಒಳಗೆ ರಕ್ತ ಸೋರುತ್ತಿದ್ದ ಬಡಗಿಯೊಬ್ಬನನ್ನು ಎಬ್ಬಿಸಿ ನಿಲ್ಲಿಸಿದರು. ಆತ ನಿಂತಲ್ಲೇ ಕುಸಿದ. ಉಳಿಸಿಕೊಳ್ಳಲು ಎರಡು ತಾಸು ಹಿಡಿಯಿತು. ವೈದ್ಯೆ ಅಳುತ್ತಾ ರಾಜೀನಾಮೆ ಬರೆದುಕೊಂಡು ಬಂದರು. ಡಾಕ್ಟರು ಅದನ್ನು ಓದಿ, ಮೇಲೆ ಒಂದೇ ಗೆರೆ ಎಳೆದು, “ನಿಮ್ಮದಲ್ಲ, ಮೊಹರಿನದು” ಎಂದು ಬರೆದು ಹಿಂದಕ್ಕೆ ಕೊಟ್ಟರು. ಮರುವಾರ ಹೊಸ ಮೊಹರು ಬಂತು. ಅದರ ನೆತ್ತಿಯ ಮೇಲೆ ಒಂದು ಸಾಲು ಹೆಚ್ಚಿಗೆ: “ಮೊದಲು ನಾಡಿ. ನಿಲ್ಲಿಸಬಹುದೇ?” ನಿಲ್ಲಲಾಗದವರು ಮಲಗಿದಲ್ಲೇ ದಿಂಬಿನಿಂದ ತಲೆ ಎತ್ತಿದರೆ ಸಾಕು, ಹೊಟ್ಟೆ ಬಿಗಿದು ಹರುಕು ಕೈಗೆ ಸಿಗುತ್ತದೆ ಎಂದು ಅಂದಿನಿಂದ ಎಲ್ಲರಿಗೂ ಕಲಿಸಿದರು. ಆ ವೈದ್ಯೆ ಈಗ ಆ ವಿಭಾಗದ ಮುಖ್ಯಸ್ಥರ ಕುರ್ಚಿಗೆ ಬರುತ್ತಿದ್ದಾರೆ.

ಅಂಚೆಯಣ್ಣ ಮೊದಲು ಬಂದು ಹದಿನಾರು ವರ್ಷ ಕಳೆದ ಮೇಲೆ ಸಿ.ಟಿ. ಸ್ಕ್ಯಾನ್ ಬಂದಾಗ ಮೊಹರಿನ ಕಾಲ ಮುಗಿಯಿತೆಂದು ಹಲವರು ಅಂದುಕೊಂಡರು. ಡಾಕ್ಟರು ಸ್ಕ್ಯಾನನ್ನು ಎರಡು ಕೈಯಲ್ಲೂ ಸ್ವಾಗತಿಸಿದರು. ಇಷ್ಟು ಚೆನ್ನಾಗಿ ಹರುಕು ತೋರಿಸುವುದು ಬೇರೊಂದಿಲ್ಲ ಎಂದು ಅವರೇ ಬರೆದಿದ್ದಾರೆ. ಮೊಹರನ್ನು ಮಾತ್ರ ಬಿಡಲಿಲ್ಲ. ಕಾರು ಅಪಘಾತದಲ್ಲಿ ಸೀಟ್ ಬೆಲ್ಟ್ ಬಿಗಿದು, ಸೊಂಟದ ಮೂಳೆಯಿಂದಲೇ ಸ್ನಾಯು ಕಿತ್ತುಬಂದಿದ್ದ ಶಾಲಾ ಶಿಕ್ಷಕಿಯೊಬ್ಬರ ಪ್ರಸಂಗ ವಿಭಾಗದಲ್ಲಿ ಈಗಲೂ ಪಾಠ. ಸ್ಕ್ಯಾನಿನಲ್ಲಿ ಹರುಕು ಸ್ಪಷ್ಟವಾಗಿತ್ತು, ಕರುಳು ಸರಿಯಿದೆ ಎಂದಿತ್ತು. ಕಿರಿಯ ಸರ್ಜನ್ ಅಂದೇ ಜಾಲರಿ ಹಾಕಿ ಮುಗಿಸುವ ಉತ್ಸಾಹದಲ್ಲಿದ್ದರು. ನಾಲ್ಕನೆಯ ಸಾಲು ಖಾಲಿಯಿತ್ತು. ಡಾಕ್ಟರು ಹೊರಗೆ ಕೂತಿದ್ದ ಅಕ್ಕನನ್ನು ಕರೆಸಿದರು.

“ಒಂದು ಗುಟುಕು ನೀರು ಕುಡಿದ್ರೂ ಮುದುಡ್ಕೊಳ್ತಾಳೆ ಡಾಕ್ಟ್ರೇ,” ಎಂದರು ಅಕ್ಕ. “ಹೆರಿಗೇಲೂ ಬಾಯಿ ಬಿಡದೆ ಇದ್ದೋಳು ಇವಳು. ಈಗ ನರಳ್ತಿದ್ದಾಳೆ ಅಂದ್ರೆ ಒಳಗೆ ಏನೋ ಇದೆ.”

ತೆರೆದು ನೋಡಿದರೆ ಕರುಳಿಗೆ ರಕ್ತ ಒಯ್ಯುವ ಪೊರೆ ಗೇಣುದ್ದ ಹರಿದಿತ್ತು. ಅಂದು ಅದನ್ನು ಸರಿಪಡಿಸಿ, ಹೊಟ್ಟೆಯ ಗೋಡೆಯನ್ನು ಬರೀ ಹೊಲಿಗೆಯಲ್ಲಿ ಮುಚ್ಚಿ, ಐದು ತಿಂಗಳ ಮೇಲೆ ಸ್ನಾಯುವನ್ನು ಮೂಳೆಗೆ ಬಿಗಿದು ಜಾಲರಿ ಹಾಕಿದರು. ಗೋಡೆ ಹರಿಯುವಷ್ಟು ಪೆಟ್ಟು ಬಿದ್ದಿದ್ದರೆ ಮೊದಲು ಮನೆಯೊಳಗೆ ಏನು ಮುರಿದಿದೆ ನೋಡಿ, ಗೋಡೆ ಕಾಯುತ್ತದೆ ಎಂಬುದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತು. ಅಂಚೆಯಣ್ಣನ ಹಾಗೆ ಕರುಳು ಸಿಕ್ಕಿಕೊಂಡಿದ್ದರೆ ಮಾತ್ರ ಒಂದು ಗಂಟೆಯೂ ಕಾಯುವಂತಿಲ್ಲ. ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ತಿಳಿಯುವುದೇ ತಮ್ಮ ವಿದ್ಯೆಯ ಮುಕ್ಕಾಲು ಪಾಲು ಎನ್ನುತ್ತಿದ್ದರು.

ಪ್ರತಿ ತಿಂಗಳ ಮೊದಲ ಶನಿವಾರ ವಿಭಾಗದಲ್ಲಿ ತಪ್ಪುಗಳ ಸಭೆ ಸೇರುತ್ತದೆ. ಹೊಸಬರು ಬಾಯಿ ಬಿಡಲು ಹೆದರುತ್ತಾರೆ. ಆದ್ದರಿಂದ ಪ್ರತಿ ವರ್ಷ ಹೊಸ ತಂಡ ಬಂದಾಗ ಮೊದಲ ಸಭೆಯಲ್ಲಿ ಡಾಕ್ಟರೇ ಎದ್ದು ಅಂಚೆಯಣ್ಣನ ಕೇಸ್ ಶೀಟನ್ನು ಪೂರ್ತಿ ಓದುತ್ತಿದ್ದರು, ಗೆರೆ ಎಳೆದ ಸಾಲನ್ನೂ ಸೇರಿಸಿ. “ರೋಗಿ ತಡವಾಗಿ ಬಂದಿದ್ದಾರೆ” ಎಂಬ ವಾಕ್ಯ ಆ ವಿಭಾಗದಲ್ಲಿ ಈಗ ಯಾರ ಕೈಯಿಂದಲೂ ಸುಲಭವಾಗಿ ಬರುವುದಿಲ್ಲ. ತಡವಾಗಿ ಗೊತ್ತಾದ ಆ ನಾಲ್ವರ ಶೀಟುಗಳನ್ನೂ ತರಿಸಿ ನೋಡಲಾಯಿತು. ನಾಲ್ಕರಲ್ಲೂ ತಡ ಯಾರದ್ದು, ಎಷ್ಟು ತಾಸಿನದ್ದು ಎಂದು ಬರೆದಿದೆ. ಎರಡು ರೋಗಿಗಳದ್ದು, ಒಂದು ಆಸ್ಪತ್ರೆಯದ್ದು, ಒಂದು ಡಾಕ್ಟರದ್ದೇ.

ಕಳೆದ ವಾರ ಮೂರನೆಯ ಕೊಠಡಿಯಲ್ಲಿ ಅವರು ಕೊನೆಯ ಸಲ ರೋಗಿಗಳನ್ನು ನೋಡಿದರು. ಸಾಲಿನಲ್ಲಿ ಅಂಚೆಯಣ್ಣ, ಅವರ ಹೆಂಡತಿ ಇಬ್ಬರೂ ಇದ್ದರು. ಅಂಚೆಯಣ್ಣನಿಗೆ ಈಗ ಎಪ್ಪತ್ತೊಂದು. ಚೀಟಿ ಮಾಡಿಸಿಕೊಂಡೇ ಬಂದಿದ್ದರು.

“ಏನಾಯ್ತು?” ಎಂದರು ಡಾಕ್ಟರು.

“ಏನಿಲ್ಲ. ನೀವು ಹೋಗೋ ಮೊದಲು ಒಂದ್ಸಲ ನಿಮ್ಮ ಹೊಲಿಗೆ ನೋಡ್ಕೊಂಡು ಬಿಡಿ. ಆಮೇಲೆ ಗಿರಾಕಿ ತಕರಾರು ತಂದ ಅನ್ನಬಾರದು.”

ಮಲಗಿಸಿ ನೋಡಿದರು. ನಿಲ್ಲಿಸಿ ನೋಡಿದರು. ಕೆಮ್ಮಿ ಎಂದರು, ಅಂಚೆಯಣ್ಣ ಹೊರಗಿನ ಸಾಲಿಗೆಲ್ಲ ಕೇಳುವ ಹಾಗೆ ಕೆಮ್ಮಿದರು. ಗೋಡೆ ಗಟ್ಟಿಯಾಗಿತ್ತು. ಡಾಕ್ಟರು ಮೊಹರು ಒತ್ತಿ, ಮೂರು ಸಾಲು ತುಂಬಿಸಿ, ನಾಲ್ಕನೆಯದಕ್ಕೆ ಪೆನ್ನು ಹಿಡಿದು ಆಕೆಯ ಕಡೆ ನೋಡಿದರು.

“ಏನೂ ಕಾಣ್ಲಿಲ್ಲ ಅಂತ ಬರ್ಕೊಳ್ಳಿ,” ಎಂದರು ಆಕೆ. “ಮೂವತ್ತನಾಲ್ಕು ವರ್ಷದಿಂದ ದಿನಾ ನೋಡ್ತಿದ್ದೀನಿ.” ಬಾಗಿಲ ಬಳಿ ಹೋದವರು ತಿರುಗಿ, “ಇನ್ನು ಮೇಲೆ ನಿಮ್ಮನ್ನ ಯಾರು ನಿಲ್ಲಿಸಿ ನೋಡ್ತಾರೆ ಡಾಕ್ಟ್ರೇ?” ಎಂದು ಕೇಳಿದರು. ಡಾಕ್ಟರು ನಾಲ್ಕನೆಯ ಸಾಲಿನಲ್ಲಿ ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಸಹಿ ಮಾಡಿ, ತಾರೀಖು ಹಾಕಿದರು.

ಮುಂದಿನ ತಿಂಗಳಿನಿಂದ ಅವರು ವಾರಕ್ಕೆ ಎರಡು ದಿನ ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡಲು ಒಪ್ಪಿದ್ದಾರೆ. ಮೊದಲ ಶನಿವಾರದ ಸಭೆಗೂ ಬರುತ್ತಾರೆ. ಅವರಿಗೊಂದು ಕುರ್ಚಿ ಅಲ್ಲಿರುತ್ತದೆ. ಅವರು ಬಹುಕಾಲ, ಆರೋಗ್ಯವಾಗಿ, ಕೆಲಸದ ನಡುವೆಯೇ ಇರಲಿ ಎಂಬುದು ಈ ಸಂಪುಟದಲ್ಲಿ ಬರೆದವರೆಲ್ಲರ ಹಾರೈಕೆ. ಅಂಚೆಯಣ್ಣನ ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರವನ್ನು ಅವರ ವಿದ್ಯಾರ್ಥಿಗಳು ಕೊಡಬೇಕು: ಮೊದಲು ನಾಡಿ ನೋಡಿ, ಆಮೇಲೆ ನಿಲ್ಲಿಸಿ ನೋಡುತ್ತೇವೆ, ಮತ್ತು ಮನೆಯವರನ್ನು ಕೇಳುತ್ತೇವೆ ಎಂದು.

ಕರಡಿನಲ್ಲಿ ಅವರು ಗೆರೆ ಎಳೆದ ವಾಕ್ಯದ ಜಾಗದಲ್ಲಿ ಈಗ ಈ ವಾಕ್ಯವನ್ನು ಇಡಲಾಗಿದೆ. ಇದನ್ನೂ ಅವರಿಗೆ ಕಳಿಸಿದ್ದೆವು, ಗೆರೆಯಿಲ್ಲದೆ ವಾಪಸು ಬಂದಿದೆ: “ಮೂವತ್ತಾರು ವರ್ಷಗಳಲ್ಲಿ ತಮ್ಮ ತಡವನ್ನು ಎರಡು ಸಲ ತಮ್ಮದೆಂದೇ ಬರೆದ ಕೈ ಅವರದು.”